ಗೆರೆ ಎಳೆದ ಸಾಲು

ಅಪ್ಪ ನನ್ನ ಕೈಯಿಂದ ಕಾದಂಬರಿ ಕಸಿದುಕೊಂಡು, ನಾನು ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲನ್ನು ಗಟ್ಟಿಯಾಗಿ ಓದಿದರು: “ಈ ಮನೆಯಲ್ಲಿ ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಾರೆ, ನನ್ನ ಜೊತೆ ಯಾರೂ ಮಾತಾಡುವುದಿಲ್ಲ.”

ಅದು ನನ್ನದೇ ವಯಸ್ಸಿನ ಒಂಟಿ ಹುಡುಗಿಯೊಬ್ಬಳ ಕಥೆ. ನಾನಾಗ ದಾಂಡೇಲಿಯಲ್ಲಿ ಹತ್ತನೇ ಇಯತ್ತೆ ಓದುತ್ತಿದ್ದೆ. ಕಾಗದದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಕಾಗದದ ಮೇಲೆ ಅಚ್ಚಾದದ್ದರ ಬಗ್ಗೆ ಮಾತ್ರ ಬಲವಾದ ಅನುಮಾನವಿತ್ತು. ಭಾನುವಾರ ಹಳಿಯಾಳದಿಂದ ಕಾಕಾ ಬಂದರು, ಪಕ್ಕದ ಮನೆಯ ಮಾಸ್ತರರೂ ಬಂದು ಕೂತರು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಚರ್ಚೆ ಶುರುವಾಯಿತು.

“ಲಗೂನ ಲಗ್ನಾ ಮಾಡಿಬಿಡು,” ಎಂದರು ಕಾಕಾ.

“ಮೊದಲ ಕಣ್ಣ ತೋರಸ್ರಿ. ಬಾಳ ಓದಿದ್ರ ಹಿಂಗ ಆಗ್ತೈತಿ,” ಎಂದರು ಮಾಸ್ತರರು.

ಎರಡು ಸಲ ಚಹಾ ಆಯಿತು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೊನೆಗೆ, ಈ ಮನೆಗೆ ಇನ್ನು ಕಾದಂಬರಿ ಬರಕೂಡದು ಎಂದು ತೀರ್ಮಾನಿಸಿ ಎದ್ದರು.

ಅವರು ಹೋದ ಮೇಲೆ, ಓದು ಬಾರದ ಅವ್ವ ಕಪ್ಪುಬಸಿ ಎತ್ತಲು ಬಂದವಳು ನನ್ನ ಪಕ್ಕದಲ್ಲಿ ಕೂತಳು.

“ಆ ಸಾಲ ಇನ್ನೊಮ್ಮೆ ಹೇಳವಾ,” ಎಂದಳು. ಹೇಳಿದೆ. ಅವಳು ಕೇಳಿದಳು: “ಇದನ್ನ ಬರದಾಕಿ ನಮ್ಮ ಮನಿಗೆ ಯಾವಾಗ ಬಂದಿದ್ಲು?”

ಮರುದಿನದಿಂದ ಅಪ್ಪ ಪಾಳಿಗೆ ಹೋದೊಡನೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಅಪ್ಪ ಅಟ್ಟಕ್ಕೆ ಎಸೆದಿದ್ದ ಅದೇ ಕಾದಂಬರಿಯನ್ನು ಇಳಿಸಿಕೊಂಡು ಎದುರಿಗೆ ಕೂತು ಓದಿ ಹೇಳುತ್ತಿದ್ದೆ. ಕೇಳುತ್ತ ಕೇಳುತ್ತ ಎಷ್ಟೋ ರೊಟ್ಟಿ ಹೊತ್ತಿಸಿದಳು. ಯಾಕೆಂದು ಅಪ್ಪ ಅವಳನ್ನು ಕೇಳಲಿಲ್ಲ. ಜೋಳ ಸರಿಯಿಲ್ಲವೆಂದು ಮಾಸ್ತರರೊಂದಿಗೆ ಚರ್ಚಿಸಿದರು.