ಅವಳು ಶೈಲೂ, ನಾನು ಮ್ಯಾಡಮ್

ಮೊನ್ನೆ ಪುಣೆಯ ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಎಲೆಯ ಪೊಟ್ಟಣದಲ್ಲಿ ಕವಳಿ ಹಣ್ಣು ಮಾರುವವಳೊಬ್ಬಳು ಎದುರಾದಳು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆಯಲ್ಲಿ ಏನೋ ಚುಳ್ ಎಂದಿತು. ಹಣ್ಣಿನ ವಾಸನೆಗೆ ಊರು ನೆನಪಾಗುವವರಿದ್ದಾರೆ, ಅವ್ವ ನೆನಪಾಗುವವರಿದ್ದಾರೆ. ನನಗೆ ನೆನಪಾದದ್ದು ಹೊಟ್ಟೆಕಿಚ್ಚು. ನಗಬೇಡಿ. ನಿಮಗೂ ಅದರ ಪರಿಚಯ ಇದ್ದೇ ಇರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ವಿಜಾಪುರದ ಕಡೆಯವಳು. ನಮ್ಮವರಿಗೆ ಪುಣೆಯ ಪಕ್ಕದ ದೇಹೂ ರೋಡಿನಲ್ಲಿ ಕೆಲಸ. ನಾನು ಪುಣೆಯದೇ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿದ್ದೆ. ಪಶ್ಚಿಮದ ಬೆಟ್ಟಗಳ ನಡುವೆ ಕಾತಕರಿ ಆದಿವಾಸಿಗಳ ಒಂದು ವಾಡಿ, ಅಂದರೆ ಗುಡಿಸಲುಗಳ ಪುಟ್ಟ ಕೇರಿ, ನನ್ನ ಪಾಲಿಗೆ ಬಂದಿತ್ತು. ಬೇಸಿಗೆಯಲ್ಲಿ ಆ ಬೆಟ್ಟಗಳ ತುಂಬ ಇದೇ ಕವಳಿ ಹಣ್ಣಿನ ವಾಸನೆ. ಅಲ್ಲಿನ ಹೆಂಗಸರನ್ನು ಕೂಡಿಸಿಕೊಂಡು ಅವರ ಆರೋಗ್ಯಕ್ಕೊಂದು ಯೋಜನೆ ಮಾಡಬೇಕಿತ್ತು. ಕೂಡಿಸಿಕೊಳ್ಳುವುದೆಂದರೆ ನಾನು ಹೇಳುವುದು, ಅವರು ತಲೆಯಾಡಿಸುವುದು ಎಂದು ತಿಳಿದಿದ್ದೆ. ಅವರು ಬಹಳ ಚೆನ್ನಾಗಿ ತಲೆಯಾಡಿಸುತ್ತಿದ್ದರು.

ಹೀಗಿರುವಾಗ ಶೈಲಜಾ ಕೆಲಸಕ್ಕೆ ಸೇರಿದಳು. ಕುಂದಾಪುರದ ಕಡೆಯ ಹುಡುಗಿ. ಅವಳ ಅಪ್ಪನದು ಕ್ಯಾಂಪಿನಲ್ಲಿ ಮೀನೂಟದ ಹೋಟೆಲು. ಅವಳ ಮರಾಠಿ ಎಷ್ಟು ಕೆಟ್ಟದಾಗಿತ್ತೆಂದರೆ, ಹೆತ್ತ ತಾಯಿಯನ್ನೇ ಗಂಡಸು ಮಾಡಿ ಮಾತಾಡುತ್ತಿದ್ದಳು. ವಾಡಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು, ತಿದ್ದುತ್ತಿದ್ದರು, ತಿದ್ದುತ್ತ ತಿದ್ದುತ್ತ ತಮ್ಮ ಮನೆಯ ಮಾತಿಗೆ ಇಳಿಯುತ್ತಿದ್ದರು. ನನ್ನ ಮರಾಠಿ ಪೇಟೆಯ ಬ್ರಾಹ್ಮಣರೂ ಮೆಚ್ಚುವಂಥದ್ದು. ತಪ್ಪಿಲ್ಲದ ಮಾತನ್ನು ಯಾರು ತಾನೇ ತಿದ್ದುತ್ತಾರೆ? ತಿಂಗಳು ತುಂಬುವುದರೊಳಗೆ ಅವಳು ಅವರಿಗೆ ‘ಶೈಲೂ’ ಆದಳು. ಅವಳಿಗಿಂತ ಮೊದಲಿನಿಂದ ಆ ಏರು ಹತ್ತುತ್ತಿದ್ದ ನಾನು ‘ಮ್ಯಾಡಮ್’ ಆಗಿಯೇ ಉಳಿದೆ.

ಸಾಲದ್ದಕ್ಕೆ ಏಡಿ. ಮಳೆಗಾಲದಲ್ಲಿ ಅವರು ಹಳ್ಳದಲ್ಲಿ ಏಡಿ ಹಿಡಿಯುತ್ತಿದ್ದರು. ಶೈಲಜಾ ಸೆರಗು ಸಿಕ್ಕಿಸಿ ಅವರ ಜೊತೆ ಕೂತು, ಕೊಂಡಿ ಮುರಿದು, ಚಿಪ್ಪು ಬಿಡಿಸಿ, ಪಟಪಟನೆ ಸ್ವಚ್ಛ ಮಾಡುತ್ತಿದ್ದಳು. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವಳು. ದೂರದಲ್ಲಿ ಕಲ್ಲಿನ ಮೇಲೆ ಕೂತು, ಏನೂ ಅನ್ನಿಸದವಳಂತೆ ಬೆಟ್ಟ ನೋಡುತ್ತಿದ್ದೆ. ಅಷ್ಟು ಬೆಟ್ಟವನ್ನು ಯಾರೂ ನೋಡಿರಲಿಕ್ಕಿಲ್ಲ.

ಒಂದು ದಿನ ಜೀಪಿನಲ್ಲಿ ಹಿಂದಿರುಗುವಾಗ ಶೈಲಜಾ, “ಅಕ್ಕ, ಸಂಗಿದು ಒಂದು ಮಗು ಹೋಯ್ತಂತೆ, ಗೊತ್ತುಂಟಾ?” ಎಂದಳು.

ನನಗೆ ಗೊತ್ತಿರಲಿಲ್ಲ. ವಾಡಿಯ ಸಂಗಿ ಆಗ ಮತ್ತೆ ಬಸುರಿ. ಹೋದ ಸಲ ಹೆರಿಗೆಗೆಂದು ತಾಲೂಕಿನ ಆಸ್ಪತ್ರೆಗೆ ಹೋದಾಗ, ವಾಡಿಯ ಸೂಲಗಿತ್ತಿ ಮುದುಕಿ ಠಾಕಿಯನ್ನು ಬಾಗಿಲಲ್ಲೇ ತಡೆದರಂತೆ. ಗುರುತಿಲ್ಲದವರ ನಡುವೆ ಒಬ್ಬಳೇ ಮಲಗಿ ಹೆದರಿದ ಸಂಗಿ, ನೋವು ತುಸು ತಗ್ಗಿದ್ದೇ ಎದ್ದು ಹೊರಟುಬಂದಳಂತೆ. ಆಮೇಲೆ ಇದ್ದಿಲು ಭಟ್ಟಿಯ ಹತ್ತಿರ ಹೆರಿಗೆಯಾಗಿ ಮಗು ಉಳಿಯಲಿಲ್ಲ. ದೀಪಾವಳಿ ಕಳೆದರೆ ಇಡೀ ವಾಡಿ ಇದ್ದಿಲು ಸುಡಲು ದೂರ ಹೋಗುತ್ತದೆ. ನನ್ನ ಯೋಜನೆಯಲ್ಲಿ ಚಳಿಗಾಲದುದ್ದಕ್ಕೂ ವಾಡಿಯಲ್ಲೇ ತಪಾಸಣೆ ಇತ್ತು.

ಮಗುವಿನ ಸುದ್ದಿಗೆ ಕರುಳು ಚುರ್ ಎಂದದ್ದು ನಿಜ. ಆದರೆ ಅದರ ಬೆನ್ನಿಗೇ ಎದ್ದ ಪ್ರಶ್ನೆ: ಇದನ್ನು ಸಂಗಿ ಇವಳಿಗೇಕೆ ಹೇಳಿದಳು, ನನಗೇಕೆ ಹೇಳಲಿಲ್ಲ? ಮನೆಗೆ ಬಂದು ಚಪಾತಿ ಲಟ್ಟಿಸುವಾಗಲೂ ಅದೇ. “ಚಪಾತಿ ಏನ್ ಮಾಡೇತಿ ನಿನಗ?” ಎಂದು ನಮ್ಮವರು ಕೇಳಿದರು.

ದೀಪಾವಳಿಗೆ ಮೊದಲು ವಾಡಿಯಲ್ಲಿ ಸಭೆ ಸೇರಿತು. ತಾಲೂಕಿನ ಡಾಕ್ಟರೂ ಬಂದಿದ್ದರು. ಅಲ್ಲಿನವರ ಮರಾಠಿಯನ್ನು ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳುತ್ತಿತ್ತು.

ಸಂಗಿ ಎದ್ದು ನಿಂತಳು. “ಠಾಕಿ ಅಜ್ಜೀನ ಒಳಗ ಬಿಡ್ರಿ. ಆಕಿ ನನ್ನ ತಲಿ ಹತ್ರ ಕುಂದರಲಿ. ಹಂಗಾದ್ರ ಭಟ್ಟಿಂದ ದವಾಖಾನಿಗೆ ನಾ ಬರತೇನಿ.”

“ಎಲ್ಲಾರೂ ಒಂದೊಂದು ಮುದುಕೀನ ಕರಕೊಂಡು ಬಂದ್ರ ಅದು ದವಾಖಾನಿ ಆಗತದೋ, ಸಂತಿ ಆಗತದೋ?” ಎಂದರು ಡಾಕ್ಟರು.

ನನ್ನ ಶುದ್ಧ ಮರಾಠಿಗೆ ಕೊನೆಗೂ ಒಂದು ಕಾಲ ಬಂತೆಂದು ನಾನು ಎದ್ದೆ. ಎರಡು ವಾಕ್ಯ ಆಡಿರಲಿಲ್ಲ, ಸಂಗಿ ನನ್ನ ಕಡೆ ತಿರುಗಿದಳು.

“ಮ್ಯಾಡಮ್, ನೀವು ಕುಂದರ್ರಿ. ನನ್ನ ಹೊಟ್ಟಿ ಮಾತು ನಾನs ಆಡತೇನಿ.”

ಪಕ್ಕದಲ್ಲಿ ಶೈಲಜಾ ಬಾಯಿ ತೆರೆದಳು. “ಶೈಲೂ, ನೀನೂ ಸುಮ್ನಿರು,” ಎಂದಳು ಸಂಗಿ.

ನಿಜ ಹೇಳುತ್ತೇನೆ, ಆ ಎರಡನೆಯ ಮಾತು ಕೇಳಿದಾಗ ನನ್ನ ಹೊಟ್ಟೆಯ ಕಿಚ್ಚಿಗೆ ತಣ್ಣೀರು ಬಿದ್ದ ಹಾಗಾಯಿತು.

ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿದರು. ತಪಾಸಣೆ ವಾಡಿಯಲ್ಲಲ್ಲ, ಭಟ್ಟಿಯಲ್ಲಿ ಆಗಬೇಕು. ದಿನ ತುಂಬಿದವಳಿಗೆ ಜೀಪು ಅಲ್ಲಿಗೇ ಬರಬೇಕು. ಜೊತೆಗೆ ಠಾಕಿ ಬರಬೇಕು. ಡಾಕ್ಟರು ಸೋತು, “ಕೈ ತೊಳಕೊಂಡು ಬರಬೇಕು ಮತ್ತ,” ಎಂದರು. “ನಿಮ್ಮವ್ವ ಹುಟ್ಟೂಕಿಂತ ಮೊದಲಿಂದs ಕೈ ತೊಳಕೋತೇನಿ ನಾನು,” ಎಂದಳು ಠಾಕಿ. ಡಾಕ್ಟರೂ ನಕ್ಕುಬಿಟ್ಟರು.

ಬಿಸಿಲು ಬಲಿಯುತ್ತಿದ್ದ ಒಂದು ಮಧ್ಯಾಹ್ನ ಭಟ್ಟಿಯಿಂದ ಜೀಪು ಆಸ್ಪತ್ರೆಗೆ ಬಂತು. ಠಾಕಿಯ ಭುಜ ಹಿಡಿದು ಸಂಗಿ ಹೆರಿಗೆ ಕೋಣೆಯೊಳಗೆ ಹೋದಳು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರು. ಒಳಗೆ ಸಂಗಿ ಕೂಗಿದಾಗಲೆಲ್ಲ ಶೈಲಜಾ ನನ್ನ ಕೈ ಹಿಸುಕುತ್ತಿದ್ದಳು. ಈ ಸಲ ಸಂಗಿ ಎದ್ದು ಬರಲಿಲ್ಲ ಎಂಬುದೊಂದೇ ನಮಗೆ ಧೈರ್ಯ. ಕೊನೆಗೆ ಮಗುವಿನ ಅಳು ಕೇಳಿತು. ಇಬ್ಬರೂ ಒಟ್ಟಿಗೇ ಎದ್ದು ಬಾಗಿಲಿಗೆ ಓಡಿದೆವು. ಠಾಕಿ ತಲೆ ಹೊರಗೆ ಹಾಕಿ, “ಹೆಣ್ಣು. ಇಬ್ರೂ ಚಲೋ ಅದಾರ,” ಎಂದು ಬಾಗಿಲು ಮುಚ್ಚಿಕೊಂಡಳು. ಸಂಜೆ ಒಳಗೆ ಬಿಟ್ಟಾಗ ಸಂಗಿ ಮಗುವಿಗೆ ಹಾಲೂಡಿಸುತ್ತಿದ್ದಳು. “ಉಂಡೀರೇನು ಇಬ್ರೂ?” ಎಂದಳು. ನಾವು ಉಂಡಿರಲಿಲ್ಲ. 

ಮುಂದೆ ಅಕ್ಕಪಕ್ಕದ ವಾಡಿಗಳೂ ತಮ್ಮ ತಮ್ಮ ಸಭೆ ತಾವೇ ಕರೆಯತೊಡಗಿದವು. ನಮ್ಮನ್ನು ಕರೆಯುವುದು ಜೀಪು ಬೇಕಾದಾಗ ಮಾತ್ರ. ಶೈಲಜಾ ಮದುವೆಯಾಗಿ ಊರಿಗೆ ಹೋದಳು; ನಾನು ಇಲ್ಲಿಯೇ ಮುದುಕಿಯಾದೆ.

ಮೊನ್ನೆ ಮಾರ್ಕೆಟ್ಟಿನಿಂದ ಬಂದವಳು ಅವಳಿಗೆ ಫೋನ್ ಮಾಡಿದೆ. ಸುಖದುಃಖ ಮುಗಿದ ಮೇಲೆ ಅವಳೇ ಅಂದಳು: “ಅಕ್ಕ, ಸಂಗಿ ಮಗಳು ಈಗ ಆಸ್ಪತ್ರೆ ಸಮಿತಿಯಲ್ಲಿ ಇದ್ದಾಳಂತೆ. ಡಾಕ್ಟ್ರ ಎದುರೇ ಕೂತು ಮಾತಾಡ್ತಾಳಂತೆ.”

“ಯಾರ ಹೇಳಿದ್ರು ನಿನಗ?”

“ಸಂಗಿಯೇ ಫೋನ್ ಮಾಡಿದ್ಲು.”

ಅದೇ ಹಳೆಯ ಕಿಚ್ಚು, ಅದೇ ಜಾಗದಲ್ಲಿ ಭಗ್ ಎಂದಿತು. ಇವಳಿಗೆ ಫೋನ್! ಪುಣೆಯಲ್ಲೇ ಇರುವ ನನಗಿಲ್ಲ! ಆದಷ್ಟು ತಣ್ಣಗೆ, “ಆಕಿ ನಂಬರ್ ಕೊಡು ಹಂಗಾರ,” ಎಂದೆ.



“ಕೊಡುದಿಲ್ಲ ಅಕ್ಕ. ಡಾಕ್ಟ್ರು ಯಾವಾಗ್ಲೂ ನಿಮ್ಮ ಹತ್ರವೇ ಮಾತಾಡ್ತಿದ್ರು, ಸಂಸ್ಥೆಯಲ್ಲಿ ಎಲ್ಲದಕ್ಕೂ ನಿಮ್ಮನ್ನೇ ಕೇಳ್ತಿದ್ರು. ನಂಗೆ ಎಷ್ಟು ಉರಿತಿತ್ತು ಅಂತ ನಿಮಗೆಂತ ಗೊತ್ತು? ಇದೊಂದು ನಂಗೇ ಇರ್ಲಿ.”

ನಾನು ನಗತೊಡಗಿದೆ. ಅವಳೂ ನಕ್ಕಳು. ನಮ್ಮವರು ಪೇಪರು ಇಳಿಸಿ, ಏನಾಯಿತೆಂದು ಕೇಳಿದರು. ಏನಂತ ಹೇಳಲಿ? ಇಷ್ಟು ವರ್ಷ ನಾನೊಬ್ಬಳೇ ಉರಿಯುತ್ತಿದ್ದೆ ಎಂದುಕೊಂಡಿದ್ದೆನಲ್ಲ, ಅದು ಸುಳ್ಳಾಯಿತು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನಂಬರನ್ನು ಅವಳು ಕೊನೆಗೂ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.