ಜೆರ್ಸಿಯ ಮೇಲೊಂದು 'ಎ'

"ಡು ಯು ಹ್ಯಾವ್ ಎನಿ ಪ್ರೂಫ್?" ಎಂದು ಕೇಳಿಯೇಬಿಟ್ಟೆ. ಅಮೆರಿಕದ ಎಡಿಸನ್ ಊರಿನಲ್ಲಿ ನನಗೆ ಡ್ರೈವಿಂಗ್ ಕಲಿಸುತ್ತಿದ್ದ ದೈತ್ಯದೇಹದ ಅಮೆರಿಕನ್, ಜರ್ಮನಿಯಲ್ಲಿ ಆರು ವರ್ಷ ಅಮೆರಿಕನ್ ಫುಟ್‌ಬಾಲ್ ಆಡಿದ್ದಾಗಿ ಮೊದಲ ಕ್ಲಾಸಿನಿಂದಲೂ ಕೊರೆಯುತ್ತಿದ್ದ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆ ಆಟವನ್ನು ಯುರೋಪಿನಲ್ಲಿ ಯಾರು ಆಡುತ್ತಾರೆ? ಮನೆಯಲ್ಲಿ ಮಗಳೂ "ಹಿ ಈಸ್ ಲೈಯಿಂಗ್, ಅಮ್ಮ" ಎಂದಿದ್ದಳು. ಇಂಥವನ ಮಾತು ನಂಬಿ ಹೈವೇಗೆ ಇಳಿಯುವುದು ಹೇಗೆ?

ಆತ ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿ, ಫೋನಿನಲ್ಲಿ ತಂಡದ ಫೋಟೊ ತೋರಿಸಿದ. ಆತನ ಜೆರ್ಸಿಯಲ್ಲಿ ನಂಬರಿನ ಪಕ್ಕ 'ಎ' ಎಂಬ ಅಕ್ಷರವಿತ್ತು. ಅಕ್ಕಪಕ್ಕದವರ ಜೆರ್ಸಿಯಲ್ಲಿ ಅದಿರಲಿಲ್ಲ. ತಾನೇ ಅಂಟಿಸಿಕೊಂಡಿರಬೇಕೆಂದು ನನ್ನ ಅನುಮಾನ ಇನ್ನಷ್ಟು ಹೆಚ್ಚಿತು.

"ಎ ಫಾರ್ ಅಮೆರಿಕನ್," ಎಂದು ಆತ ನಕ್ಕ. ಜರ್ಮನಿಯ ತಂಡಗಳಲ್ಲಿ ಅಮೆರಿಕದವರು ಮೈದಾನದಲ್ಲಿ ಒಮ್ಮೆಗೆ ಇಷ್ಟೇ ಜನ ಇರಬೇಕೆಂಬ ನಿಯಮವಂತೆ. ರೆಫರಿ ದೂರದಿಂದಲೇ ಲೆಕ್ಕ ಹಾಕಲಿ ಎಂದು ಆ ಗುರುತು.

ಮೊನ್ನೆ ನನ್ನ ಲೈಸೆನ್ಸ್ ಬಂತು. ವೀಸಾ ಮುಗಿಯುವ ದಿನವೇ ಅದೂ ಮುಗಿಯುತ್ತದೆ. ಹೆಸರಿನ ಪಕ್ಕ ಅಕ್ಷರವೊಂದಿಲ್ಲ, ಅಷ್ಟೇ.