ಅಜ್ಜಿ ತಿಂದ ಮಸಾಲೆ ದೋಸೆ

ಬಸ್ಸಿನಲ್ಲಿ ಪಕ್ಕದ ಸೀಟಿನವರು ಏನು ಕೆಲಸ ಎಂದು ಕೇಳಿದರೆ ನಾನು ಟ್ಯೂಷನ್ ಎನ್ನುತ್ತೇನೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಮ್ಮೆ ಸಾಗರದಿಂದ ಬರುವಾಗ ಬಾಯಿತಪ್ಪಿ, ಮಕ್ಕಳಿಗೆ ಕಥೆ ಬರೆಯಲು ಕಲಿಸುತ್ತೇನೆ ಎಂದುಬಿಟ್ಟೆ. ಪಕ್ಕದಾಕೆ ಹೊಸನಗರ ಬರುವವರೆಗೆ ಯೋಚಿಸಿ, "ಅದು ಪರೀಕ್ಷೇಲಿ ಬರ್ತದಾ?" ಎಂದರು. ಇಲ್ಲ ಎಂದೆ. "ಪಾಪ" ಎಂದರು. ಮಕ್ಕಳಿಗೋ ನನಗೋ, ಗೊತ್ತಾಗಲಿಲ್ಲ.

ತೀರ್ಥಹಳ್ಳಿಯ ಒಂದು ವಾಚನಾಲಯದ ಪಕ್ಕದ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನನ್ನ ತರಗತಿ. ನಮ್ಮ ಮಕ್ಕಳು ಏನೇ ಬರೆದರೂ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಡಿಗೆರೆ ಎಳೆದೇ ಬರೆಯುವುದು. ಒಬ್ಬಳ ಕಥೆಯಲ್ಲಿ ಚಿರತೆ ಮನೆಯ ನಾಯಿಯನ್ನು ಹೊತ್ತೊಯ್ದಿತ್ತು. ಉಪಸಂಹಾರ ಹೀಗಿತ್ತು: 'ಒಟ್ಟಿನಲ್ಲಿ ನಾಯಿಯಿಂದ ಮನುಷ್ಯನಿಗೂ ಚಿರತೆಗೂ ಬಹಳ ಉಪಯೋಗವಿದೆ.' ನಗುವಂತಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಬರೆದ ಪ್ರಬಂಧಗಳೂ ಇದೇ ಜಾತಿಯವು, ಅಡಿಟಿಪ್ಪಣಿ ಮಾತ್ರ ಹೆಚ್ಚು.

ಹೀಗಿರುವಾಗ ಮೇಳಿಗೆಯಿಂದ ಬರುವ ಪದ್ಮಿನಿ ಎಂಬ ಏಳನೇ ಕ್ಲಾಸಿನ ಹುಡುಗಿ ಪೀಠಿಕೆಯೇ ಇಲ್ಲದ ಕಥೆಯೊಂದನ್ನು ಬರೆದಳು. ಅದರಲ್ಲಿ ಅವಳ ಅಜ್ಜಿ ಯಾರಿಗೂ ಹೇಳದೆ ಬಸ್ಸು ಹತ್ತಿ ಪೇಟೆಗೆ ಬಂದು, ಹೊತ್ತು ಮುಳುಗಿದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾರೆ. ಸ್ವಂತ ಬರಹವನ್ನು ಡ್ರಾಯರಿನಿಂದ ಆಚೆಗೆ ಬಿಡದ ನಾನು ಬೇರೆಯವರದ್ದನ್ನು ಗೋಡೆಗೆ ಅಂಟಿಸುವುದರಲ್ಲಿ ಬಲು ಧೈರ್ಯವಂತೆ. ಅಂಟಿಸಿದೆ. ಪೇಪರ್ ಓದಲು ಬಂದವರೆಲ್ಲ ಓದಿದರು.

ಮುಂದಿನ ಶನಿವಾರ ಪದ್ಮಿನಿಯ ಜೊತೆ ಅವಳ ಅಮ್ಮ ಬಂದರು. ಹಿಂದೆ ಅಜ್ಜಿಯೂ ಇದ್ದರು.

"ನಾವು ಜೈನರು ಮೇಡಂ. ನಮ್ಮತ್ತೆ ಆಲೂಗಡ್ಡೆ ಮುಟ್ಟೋರಲ್ಲ, ಹೊತ್ತು ಮುಳುಗಿದ್ ಮೇಲೆ ನೀರೂ ಕುಡಿಯೋರಲ್ಲ. ನಿನ್ನೆ ಬಸದೀಲಿ ಒಬ್ರು, 'ಅಮ್ಮನೋರು ಪೇಟೇಲಿ ದೋಸೆ ತಿಂದ್ರಂತೆ' ಅಂತ ಕೇಳ್ತಾರೆ!"

"ಅದು ಬರೀ ಕಲ್ಪನೆ..." ಎಂದೆ.

"ಕಲ್ಪನೆ ಆದ್ರೆ ಬೇರೆಯೋರ ಅಜ್ಜಿಗೆ ತಿನ್ನಿಸ್ಲಿ! ಇವತ್ತಿಂದ ಇವ್ಳು ಲೆಕ್ಕದ ಟ್ಯೂಷನ್ನಿಗೆ ಹೋಗ್ತಾಳೆ."

ಕಥೆಗೂ ವಾಸ್ತವಕ್ಕೂ ಇರುವ ಸಂಬಂಧದ ಬಗ್ಗೆ ಪುಟಗಟ್ಟಲೆ ಬರೆದು ಪದವಿ ಪಡೆದವಳು ನಾನು. ಅದರ ಒಂದು ವಾಕ್ಯವೂ ನೆರವಿಗೆ ಬರಲಿಲ್ಲ. ಪದ್ಮಿನಿ ಚೀಲವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋಗಿ, ಬೆರಳಿಟ್ಟು, ಕಥೆಯನ್ನು ಕೊನೆಯವರೆಗೂ ಓದಿದರು.

"ಪದ್ಮೀ, ಇಲ್ ಬಾ. ತಿನ್ಸೋದೇನೋ ತಿನ್ಸಿದೀಯ. ರುಚಿ ಹೇಗಿತ್ತು ಅಂತ ಬರ್ದೇ ಇಲ್ವಲ್ಲೇ?"

"ನಂಗೆ ಗೊತ್ತಿಲ್ಲ ಅಜ್ಜಿ. ನಾನೂ ತಿಂದಿಲ್ಲ."

"ಅದೆಂತದೋ ಕಲ್ಪನೆ ಅಂದ್ರಲ್ಲ ನಿಮ್ಮ ಟೀಚರು, ಅದ್ರಲ್ಲೇ ತಿಂದು ಬರಿ. ಮುಂದಿನ ವಾರ ನಾನೇ ಕರ್ಕೊಂಡ್ ಬರ್ತೀನಿ."

"ಅತ್ತೇ!" ಎಂದರು ಅಮ್ಮ. ಅತ್ತೆ ಕನ್ನಡಕ ಒರೆಸುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಅಮ್ಮ ಮಗಳ ಕಡೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು: "ಹೊತ್ತು ಮುಳುಗೋ ಮುಂಚೆನಾದ್ರೂ ತಿನ್ನಿಸೇ."

ಮುಂದಿನ ವಾರ ಪದ್ಮಿನಿ ತಿದ್ದಿದ ಕಥೆ ತಂದಳು. ಆಲೂಗಡ್ಡೆ ಪಲ್ಯದ ರುಚಿ ಬಾಳೆಕಾಯಿ ಪಲ್ಯದ ಹಾಗೇ ಇತ್ತಂತೆ, ಸ್ವಲ್ಪ ಹೆದರಿಕೆ ಜಾಸ್ತಿ ಬಿದ್ದಿತ್ತಂತೆ. ಇನ್ನು ಹೊತ್ತಿನ ವಿಷಯ: ಅಜ್ಜಿಗೆ ಹಲ್ಲು ಕಡಿಮೆ, ನಿಧಾನ. ಆದ್ದರಿಂದ ಅವರು ದೋಸೆ ಮುಗಿಸಿ ಕೈ ತೊಳೆಯುವವರೆಗೂ ಸೂರ್ಯ ಕವಲೇದುರ್ಗದ ಕೋಟೆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕಾಯುತ್ತಿದ್ದ.

ಇದನ್ನು ನಾನು ಕಲಿಸಿದ್ದು ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ. ಆದರೆ ನನ್ನ ಯಾವ ಪಾಠದಲ್ಲೂ ಸೂರ್ಯನನ್ನು ಕೂರಿಸುವ ವಿಧಾನ ಇಲ್ಲ. ಅಜ್ಜಿಯ ಹೊತ್ತಿನ ವ್ರತವೂ ಕೆಡಬಾರದು, ದೋಸೆಯೂ ತಣ್ಣಗಾಗಬಾರದು ಎಂಬ ಕಷ್ಟಕ್ಕೆ ಸಿಕ್ಕಿಕೊಂಡವರಿಗೆ ಅದು ತಾನಾಗಿಯೇ ಹೊಳೆಯುತ್ತದೆಂದು ಕಾಣುತ್ತದೆ.